ಅಂಗೈ ಮೇಲಿನ ಚಾಸಿ

ಹಳೆಯ ಮೋಟಾರು ಕಾರೊಂದನ್ನು ಬಿಚ್ಚಿ, ಕಾರ್ಖಾನೆ ಕೊಟ್ಟ ರೂಪವನ್ನು ಬದಿಗಿಟ್ಟು, ಹೆಚ್ಚಿನ ವೇಗಕ್ಕೂ ತನ್ನ ಕಣ್ಣಿಗೆ ಒಪ್ಪುವ ಮೈಕಟ್ಟಿಗೂ ತಕ್ಕಂತೆ ಒಡೆಯನೇ ಅದನ್ನು ಹೊಸದಾಗಿ ಕಟ್ಟಿಕೊಂಡಾಗ ಹುಟ್ಟುವ ವಾಹನಕ್ಕೆ ಹಾಟ್ ರಾಡ್ ಎಂದು ಹೆಸರು. ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ 1930ರ ದಶಕದ ತರುಣರು ಇಂಥ ಕಾರುಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. ಎಂಟು ಸಿಲಿಂಡರುಗಳನ್ನು ವಿ ಆಕಾರದ ಎರಡು ಸಾಲುಗಳಲ್ಲಿ ಜೋಡಿಸಿದ ಎಂಜಿನ್ನನ್ನು ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ತಂದದ್ದರಿಂದ ಆ ವರ್ಷದ ಫೋರ್ಡ್ ಕಾರೇ ಈ ಕಲೆಯ ಮೂಲಮೂರ್ತಿಯಂತಾಯಿತು. 1948ರ ಜನವರಿಯಲ್ಲಿ ಹಾಟ್ ರಾಡ್ ಎಂಬ ಹೆಸರಿನಲ್ಲೇ ಪತ್ರಿಕೆಯೊಂದು ಹೊರಟಿತು. 1958ರಲ್ಲಿ ಅಮೆರಿಕದ ಎ.ಎಂ.ಟಿ. ಕಂಪನಿ ಒಂದೇ ಪೆಟ್ಟಿಗೆಯ ಬಿಡಿಭಾಗಗಳಿಂದ ಮೂರು ಬಗೆಯಾಗಿ ಕಟ್ಟಬಹುದಾದ ಪ್ಲಾಸ್ಟಿಕ್ ಮಾದರಿಗಳನ್ನು ಮಾರತೊಡಗಿದ ಮೇಲಂತೂ ಗ್ಯಾರೇಜು, ಹಣ, ಪರವಾನಗಿ ಯಾವುದೂ ಇಲ್ಲದ ಹುಡುಗರಿಗೂ ಹಾಟ್ ರಾಡ್ ಕಟ್ಟುವ ಯೋಗ ಒದಗಿತು.

ಈ ಮಾದರಿಗಳ ಅಳತೆ ಸಾಮಾನ್ಯವಾಗಿ ಇಪ್ಪತ್ತೈದರಲ್ಲಿ ಒಂದು, ಎಂದರೆ ನಿಜವಾದ ಕಾರಿನ ಇಪ್ಪತ್ತೈದು ಇಂಚು ಇಲ್ಲಿ ಒಂದು ಇಂಚಾಗುತ್ತದೆ. 1932ರ ಫೋರ್ಡಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ 106 ಇಂಚಿನ ಅಂತರ ಸುಮಾರು 10.8 ಸೆಂಟಿಮೀಟರಿಗೆ ಇಳಿದು ಅಂಗೈಯಲ್ಲಿ ಕೂರುತ್ತದೆ.

ದೂರದ ದೇಶದ ಈ ಹವ್ಯಾಸವನ್ನು ಬಸವಕಲ್ಯಾಣ ಮತ್ತು ಹುಮನಾಬಾದಿನ ನಡುವೆ ನಿಂತು ನೋಡಿದರೆ ಅದು ಅಷ್ಟೇನೂ ದೂರದ್ದೆನಿಸುವುದಿಲ್ಲ. ಪುಣೆಯಿಂದ ಹೈದರಾಬಾದಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65 ಸಸ್ತಾಪುರ ಬಂಗ್ಲಾದ ಬಳಿ ಬಸವಕಲ್ಯಾಣದ ದಾರಿಯನ್ನು ಕೂಡಿಕೊಂಡು ಮುಂದೆ ಹುಮನಾಬಾದಿನಲ್ಲಿ ಬೀದರ್–ಕಲಬುರಗಿ ಮಾರ್ಗವಾದ ಹೆದ್ದಾರಿ 50ನ್ನು ಸಂಧಿಸುತ್ತದೆ. ಲಾರಿಯನ್ನೇ ನಂಬಿ ಬಾಳುವ ಮನೆಗಳು ಈ ಸೀಮೆಯಲ್ಲಿ ಬಹಳ. ನಮ್ಮ ದೇಶದಲ್ಲಿ ಲಾರಿ ಬಹುಕಾಲದಿಂದ ಪೂರ್ತಿ ವಾಹನವಾಗಿ ಅಲ್ಲ, ಚಾಸಿಯಾಗಿ, ಎಂದರೆ ಎಂಜಿನ್ನು, ಗಾಲಿ ಮತ್ತು ಚುಕ್ಕಾಣಿಯನ್ನು ಹೊತ್ತ ಬರಿಯ ಉಕ್ಕಿನ ಅಡಿಗಟ್ಟಾಗಿ ಮಾರಾಟವಾಗುತ್ತ ಬಂದಿದ್ದು, ಅದರ ಮೇಲೆ ಮರ ಮತ್ತು ತಗಡಿನ ಬಾಡಿಯನ್ನು ಕಟ್ಟುವವರು ಊರಿನ ಬಡಗಿಗಳು, ವೆಲ್ಡಿಂಗ್ ಮಿಸ್ತ್ರಿಗಳು ಮತ್ತು ಪೇಂಟರುಗಳು. ಅದೇ ಕಾರ್ಖಾನೆಯ ಅದೇ ಚಾಸಿ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಹಣೆಪಟ್ಟಿ, ಬೇರೆ ಹೂಬಳ್ಳಿ, ಬೇರೆ ಬಣ್ಣ ಪಡೆದು ರಸ್ತೆಗಿಳಿಯುತ್ತದೆ. ಹಾಟ್ ರಾಡ್ ಕಟ್ಟುವವನ ಕೈಗೂ ಈ ಮಿಸ್ತ್ರಿಗಳ ಕೈಗೂ ಇರುವ ನಂಟು ಹತ್ತಿರದ್ದು.

ಆದರೆ ಹಾಟ್ ರಾಡ್ ಎಂಬುದನ್ನು ಇಲ್ಲಿನ ರಸ್ತೆಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ತಡೆಯುತ್ತದೆ, ಸುಪ್ರೀಂ ಕೋರ್ಟು 2019ರ ಜನವರಿಯ ತೀರ್ಪಿನಲ್ಲಿ ಅದನ್ನೇ ಎತ್ತಿಹಿಡಿದಿದೆ. ಹೀಗಾಗಿ ಛಾವಣಿ ಕತ್ತರಿಸುವ, ಎಂಜಿನ್ ಹಿಗ್ಗಿಸುವ ಆಸೆಗೆ ಉಳಿದಿರುವ ನ್ಯಾಯವಾದ ಜಾಗ ಮನೆಯ ಮೇಜು.

ಹುಡುಗತನದಲ್ಲಿ ಕಲಿತು, ಓದು, ನೌಕರಿ, ಸಂಸಾರಗಳ ನಡುವೆ ಕೈಬಿಟ್ಟು, ನಲವತ್ತು ದಾಟಿದ ಮೇಲೆ ಮತ್ತೆ ಹಿಡಿಯುವುದು ಈ ಹವ್ಯಾಸದ ಸಾಮಾನ್ಯ ನಡೆ. ಬೀದರ್ ಸೀಮೆಯಲ್ಲಿ ಬೆಳೆದವರ ಮೊದಲ ಮಾದರಿ ಪ್ಲಾಸ್ಟಿಕ್ಕಿನದಾಗಿರಬೇಕೆಂದೇನೂ ಇಲ್ಲ. ಜೋಳದ ದಂಟಿನ ಬೆಂಡನ್ನು ಬಿಲ್ಲೆಗಳಾಗಿ ಕೊಯ್ದು ಗಾಲಿ ಮಾಡಿ, ಅದರ ಸಿಪ್ಪೆಯ ಸೀಳನ್ನೇ ಅಚ್ಚಾಗಿ ಚುಚ್ಚಿ ಕಟ್ಟುವ ಬಂಡಿಯೂ, ಮಣ್ಣೆತ್ತಿನ ಅಮಾವಾಸ್ಯೆಗೆ ಮಿದ್ದು ಮಾಡುವ ಎತ್ತುಗಳೂ ದೊಡ್ಡದನ್ನು ಚಿಕ್ಕದಾಗಿ ಕಾಣುವ ವಿದ್ಯೆಯ ಪಾಠಗಳೇ. ಮರಳಿ ಬಂದವರಿಗೆ ಮೊದಲು ಎದುರಾಗುವುದು ಚಾಳೀಸು. ಭೂತಗನ್ನಡಿಯಿಲ್ಲದೆ ಎಂಜಿನ್ನಿನ ತಂತಿ ಕಾಣದು. ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಪೆಟ್ಟಿಗೆಯನ್ನು ತೆರೆದರೆ ಇನ್ನೊಂದು ಸಂಗತಿ ಕಾಣಸಿಗುತ್ತದೆ: ಟೈರುಗಳ ಮೆತ್ತನೆಯ ವಿನೈಲಿನೊಳಗಿನ ಎಣ್ಣೆಯಂಥ ಪದಾರ್ಥ ಹೊರಗೆ ಜಿನುಗಿ, ತಾಗಿದ ಪಾಲಿಸ್ಟೈರೀನ್ ಭಾಗಗಳನ್ನು ಕರಗಿಸಿ ಗುಳಿ ಬೀಳಿಸಿರುತ್ತದೆ. ಹಳದಿಗಟ್ಟಿದ ಅಂಟುಚಿತ್ರಗಳಿಗೆ ಮಾತ್ರ ಒಳ್ಳೆಯ ಮದ್ದುಂಟು. ಅವುಗಳನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿಟ್ಟರೆ ಕೆಲವು ದಿನಗಳಲ್ಲಿ ಬಣ್ಣ ತಿಳಿಯಾಗುತ್ತದೆ, ಈ ಸೀಮೆಯಲ್ಲಿ ಬಿಸಿಲಿಗೇನು ಬರವಿಲ್ಲ. ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆಯಬಾರದು, ಗಾಳಿಯ ತೇವ ಹಿಡಿದು ಹೊಳಪಿನ ಮೇಲೆ ಬಿಳಿ ಮಂಜು ಕೂರುತ್ತದೆ.

ಹಾಟ್ ರಾಡ್ ಮಾದರಿಯ ಕೆಲಸಗಳಲ್ಲೆಲ್ಲ ಹೆಚ್ಚು ಎದೆಗಾರಿಕೆ ಬೇಡುವುದು ಚಾಪಿಂಗ್, ಎಂದರೆ ಛಾವಣಿಯನ್ನು ತಗ್ಗಿಸುವುದು. ನಿಜವಾದ ಕಾರಿನಲ್ಲಿ ಮೂರು ಇಂಚು ತಗ್ಗಿಸಬೇಕಾದರೆ ಮಾದರಿಯಲ್ಲಿ ಮೂರು ಮಿಲಿಮೀಟರು ತೆಗೆಯಬೇಕು; ಕಿಟಕಿಗಳ ನಡುವಿನ ಪ್ರತಿಯೊಂದು ಕಂಬಕ್ಕೂ ಮೂರು ಮಿಲಿಮೀಟರ್ ಅಗಲದ ಟೇಪನ್ನು ಸುತ್ತಿ, ಅದರ ಎರಡೂ ಅಂಚುಗಳಲ್ಲಿ ಬ್ಲೇಡಿನಷ್ಟು ತೆಳುವಾದ ಗರಗಸವನ್ನು ಒತ್ತಡವಿಲ್ಲದೆ ಆಡಿಸಿ, ಟೇಪಿನ ಜೊತೆಗೇ ಆ ತುಣುಕನ್ನು ಎತ್ತಿ, ಛಾವಣಿಯನ್ನು ಮೆಲ್ಲನೆ ಇಳಿಸಿ ಕೂರಿಸುತ್ತಾರೆ. ಕಂಬಗಳು ನೆಟ್ಟಗಿದ್ದರೆ ತುದಿಗೆ ತುದಿ ಕೂಡುತ್ತದೆ, ಓರೆಯಾಗಿದ್ದರೆ ಛಾವಣಿಯನ್ನೇ ಹೋಳು ಮಾಡಿ ಉದ್ದಕ್ಕೆ ಹಿಗ್ಗಿಸಬೇಕಾಗುತ್ತದೆ. ಬಳಸುವ ದ್ರವ ಅಂಟಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುವ ಬೆಸುಗೆ. ಆದ್ದರಿಂದ ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಪುಟ್ಟಿ ಹಚ್ಚಿ ಉಜ್ಜಿದವರಿಗೆ ತಿಂಗಳ ಮೇಲೆ ಬಣ್ಣದಡಿಯಲ್ಲಿ ಬೆಸುಗೆಯ ಗೆರೆ ತಗ್ಗಾಗಿ ಕಾಣುತ್ತದೆ. ಹದಿನಾಲ್ಕರ ವಯಸ್ಸಿಗೆ ಈ ತಾಳ್ಮೆ ಅಪರೂಪ, ನಲವತ್ತರ ಮೇಲೆ ಅದೇ ಸುಖ.

ಕ್ಯಾಲಿಫೋರ್ನಿಯಾದ ಕಾರುಗಳ ರೂಪವನ್ನು ಈ ಪೆಟ್ಟಿಗೆಗಳು ಮೂರು ತಲೆಮಾರಿನವರೆಗೆ ಕಾಪಾಡಿವೆ. ಬಸವಕಲ್ಯಾಣದ ಲಾರಿಗೆ ಅಂಥ ಪೆಟ್ಟಿಗೆ ಇಲ್ಲ, ಅದರ ಕಾಲವೋ ಮುಗಿಯುತ್ತ ಬಂದಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದ್ದು, ಚಾಲಕನ ದೃಷ್ಟಿಯಿಂದ ಇದು ಎಂದೋ ಆಗಬೇಕಿದ್ದ ಸುಧಾರಣೆಯೇ ಆದರೂ, ಊರ ಬಡಗಿ ಕಟ್ಟಿದ ಮರದ ಕ್ಯಾಬಿನ್ನು ಇನ್ನು ಅಪರೂಪವಾಗುವುದರಲ್ಲಿ ಅನುಮಾನವಿಲ್ಲ. ಹವ್ಯಾಸಕ್ಕೆ ಮರಳಿದ ಕೈಗಳು ಒಂದೆರಡು ಫೋರ್ಡುಗಳ ನಂತರ ಹೊರಳಬೇಕಾದದ್ದು ಇತ್ತ ಕಡೆಗೆ. ಬೇಕಾದದ್ದು ಅಳತೆಯ ಟೇಪು, ನಿಂತ ಲಾರಿ ಮತ್ತು ಅದರ ಒಡೆಯನ ಒಪ್ಪಿಗೆ. ನಿಯಮ ಒಪ್ಪುವ 2.6 ಮೀಟರ್ ಅಗಲವೇ ಮೇಜಿನ ಮೇಲೆ 10.4 ಸೆಂಟಿಮೀಟರಾಗುತ್ತದೆ. ಎರಡು ಮಿಲಿಮೀಟರ್ ದಪ್ಪದ ಐಸ್‌ಕ್ರೀಂ ಕಡ್ಡಿ ಎರಡು ಇಂಚಿನ ಹಲಗೆಗೆ ಸಮ. ಹಲಗೆಯನ್ನು ಹಿಡಿದ ಬೋಲ್ಟಿನ ತಲೆಗೆ ಸಾಸಿವೆ ದಪ್ಪವಾಗುತ್ತದೆ, ಗಸಗಸೆ ಸರಿಹೊಂದುತ್ತದೆ.