ಕರಾಟೆ: ವಿದ್ಯೆಯೋ, ವ್ಯಾಪಾರವೋ?

ನಮ್ಮ ಶಾಲೆಯ ಸಭಾಂಗಣವನ್ನು ಸಂಜೆಯ ವೇಳೆ ಕರಾಟೆ ತರಗತಿಗೆ ಬಾಡಿಗೆಗೆ ಕೊಡಬಹುದೇ ಎಂಬ ಪ್ರಶ್ನೆ ಕಳೆದ ವರ್ಷ ಆಡಳಿತ ಸಮಿತಿಯ ಮುಂದೆ ಬಂದಾಗ, ನಿವೃತ್ತ ಮುಖ್ಯೋಪಾಧ್ಯಾಯನೆಂಬ ಗೌರವದಿಂದ ನನ್ನ ಅಭಿಪ್ರಾಯವನ್ನೂ ಕೇಳಿದರು. ನನಗೆ ಆ ವಿದ್ಯೆಯಲ್ಲಿ ಪರಿಶ್ರಮವಿಲ್ಲ. ಆದರೆ ನನ್ನ ಮೊಮ್ಮಗ ಬೇರೊಂದು ಕಡೆ ಎರಡೇ ವರ್ಷಗಳಲ್ಲಿ ಐದು ಬಣ್ಣಗಳ ಪಟ್ಟಿಗಳನ್ನು ಗಳಿಸಿದ್ದ. ಪ್ರತಿಯೊಂದಕ್ಕೂ ಪರೀಕ್ಷಾ ಶುಲ್ಕ, ಪ್ರಮಾಣಪತ್ರಕ್ಕೆ ಮತ್ತೊಂದು ಶುಲ್ಕ. ಅನುತ್ತೀರ್ಣನಾದ ಒಬ್ಬ ಹುಡುಗನನ್ನೂ ಅವನು ಅಲ್ಲಿ ಕಂಡಿರಲಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಇದು ಸೋಜಿಗವೆನಿಸಿತು. ಆದ್ದರಿಂದ ಈ ವಿದ್ಯೆಯ ಮೂಲವನ್ನು ಓದಿ ತಿಳಿಯಹೊರಟೆನು.

ಕರಾಟೆ ರೂಪುಗೊಂಡದ್ದು ಜಪಾನಿನ ದಕ್ಷಿಣದ ಒಕಿನಾವಾ ದ್ವೀಪದಲ್ಲಿ. ಗುಟ್ಟಾಗಿ ಕಲಿಸಲಾಗುತ್ತಿದ್ದ ಇದನ್ನು 20ನೆಯ ಶತಮಾನದ ಆದಿಯಲ್ಲಿ ಅಲ್ಲಿನ ಶಾಲೆಗಳಿಗೆ ತಂದವರು ಇತೊಸು ಅಂಕೊ. 1908ರಲ್ಲಿ ಅವರು ಬರೆದ ಪತ್ರದ ಹತ್ತು ಸೂತ್ರಗಳು ಇಂದಿಗೂ ಪ್ರಸಿದ್ಧ. ಅವರ ಶಿಷ್ಯ ಫುನಕೋಶಿ ಗಿಚಿನ್ (1868–1957) ವೃತ್ತಿಯಿಂದ ಶಾಲಾಶಿಕ್ಷಕರು. 1922ರಲ್ಲಿ ಟೋಕಿಯೋದಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಿ ಅಲ್ಲಿಯೇ ನೆಲೆಸಿದ ಅವರು, ಜೀವನೋಪಾಯಕ್ಕಾಗಿ ಒಂದು ವಿದ್ಯಾರ್ಥಿನಿಲಯದಲ್ಲಿ ಕಾವಲು ಕಾಯ್ದರು, ಅಂಗಳ ಗುಡಿಸಿದರು. ‘ಕತಾ’ ಎಂಬ ಕ್ರಮಬದ್ಧ ಚಲನೆಗಳ ಮೂರು ಸರಣಿಗಳನ್ನು ಕಲಿಯಲು ತಮಗೆ ಹತ್ತು ವರ್ಷ ಹಿಡಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಕರಾಟೆ ಬಲ್ಲವನು ಮೊದಲು ಕೈಯೆತ್ತಬಾರದು, ಅಭ್ಯಾಸವು ವಂದನೆಯಿಂದ ಆರಂಭವಾಗಿ ವಂದನೆಯಲ್ಲಿಯೇ ಮುಗಿಯಬೇಕು ಎಂಬುದು ಅವರ ಬೋಧನೆ. ನಮ್ಮ ನಾಡಿನ ಕಳರಿಯಲ್ಲಿಯೂ ವಂದಿಸಿಯೇ ಅಲ್ಲವೇ ಒಳಗೆ ಕಾಲಿಡುವುದು?

ಹಾಗಾದರೆ ಪಟ್ಟಿಗಳು ಎಲ್ಲಿಂದ ಬಂದವು? ಜೂಡೋ ಪ್ರವರ್ತಕ ಕಾನೊ ಜಿಗೊರೊ ಅವರ ಶ್ರೇಣಿಪದ್ಧತಿಯನ್ನು ಅನುಸರಿಸಿ ಫುನಕೋಶಿಯವರು 1924ರಲ್ಲಿ ಮೊದಲ ಬಾರಿಗೆ ಕಪ್ಪು ಪಟ್ಟಿ ನೀಡಿದರು. ಎರಡನೆಯ ಮಹಾಯುದ್ಧಾನಂತರ ಒಕಿನಾವಾದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಇದನ್ನು ಕಲಿತು ತಮ್ಮ ದೇಶಕ್ಕೆ ಒಯ್ದರು. 1970ರ ದಶಕದ ಹೊಡೆದಾಟದ ಚಲನಚಿತ್ರಗಳು ಬೇಡಿಕೆಯನ್ನು ಇಮ್ಮಡಿಸಿದವು. ಬೇಡಿಕೆ ಬೆಳೆದಂತೆ ಬಣ್ಣಗಳೂ ಬೆಳೆದವು, ಶುಲ್ಕವೂ ಬೆಳೆಯಿತು.

ಗುರುವಿಗೂ ಹೊಟ್ಟೆಯಿದೆ. ಕಲಿಸಿದ್ದಕ್ಕೆ ವೇತನ ಪಡೆಯುವುದು ದೋಷವಲ್ಲ. ಎಳೆಯರಿಗೆ ಬಣ್ಣದ ಪಟ್ಟಿ ಉತ್ಸಾಹ ತುಂಬುವುದೂ ನಿಜವೇ. ಆದರೆ ಗುರುವಿನ ಆದಾಯವು ತೇರ್ಗಡೆಯಾದವರ ಸಂಖ್ಯೆಯನ್ನು ಅವಲಂಬಿಸಿದಾಗ ಪರೀಕ್ಷೆಯು ಪರೀಕ್ಷೆಯಾಗಿ ಉಳಿಯುವುದಿಲ್ಲ. ಕಲಿಯದೆಯೇ ಕಲಿತೆನೆಂದು ನಂಬಿದ ಮಗು, ಅಪಾಯದ ಗಳಿಗೆಯಲ್ಲಿ ಆ ನಂಬಿಕೆಗೆ ಬೆಲೆ ತೆರಬೇಕಾದೀತು.

ಆದುದರಿಂದ ಸಮಿತಿಗೆ ನಾನು ಮೂರು ನಿಬಂಧನೆಗಳನ್ನು ಸೂಚಿಸಿದೆನು: ಎಲ್ಲ ಶುಲ್ಕವನ್ನೂ ಮೊದಲೇ ಸೂಚನಾಫಲಕದಲ್ಲಿ ಬರೆಯಬೇಕು, ಪರೀಕ್ಷೆಗೆ ಪ್ರತ್ಯೇಕ ಹಣ ಕೂಡದು, ಸಿದ್ಧನಾಗದವನನ್ನು ಉತ್ತೀರ್ಣಗೊಳಿಸಬಾರದು. ಮೊದಲು ಬಂದಿದ್ದ ಶಿಕ್ಷಕರು ಮರಳಿ ಬರಲಿಲ್ಲ. ಅನಂತರ ಬಂದವರು ಕೊಡುವ ಬಾಡಿಗೆ ಕಡಿಮೆಯೇ. ಸಮಿತಿ ಅದನ್ನು ಸಹಿಸಿಕೊಂಡಿದೆ. ನನ್ನ ಮೊಮ್ಮಗ ಅವರಲ್ಲಿ ಬಿಳಿ ಪಟ್ಟಿಯಿಂದ ಪುನಃ ಆರಂಭಿಸಿ, ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣನಾದನು. ಎರಡು ದಿನ ಮುಖ ಊದಿಸಿಕೊಂಡಿದ್ದವನು ಮೂರನೆಯ ದಿನ ತಾನಾಗಿಯೇ ತರಗತಿಗೆ ಹೊರಟನು.

ಸುವರ್ಣ ಮಹೋತ್ಸವಕ್ಕೆ ಆಗಮಿಸುವ ಹಳೆಯ ವಿದ್ಯಾರ್ಥಿಗಳು ಸಂಜೆ ಒಮ್ಮೆ ಆ ಸಭಾಂಗಣದೊಳಗೆ ಇಣುಕಿ ನೋಡಬೇಕೆಂದು ವಿನಂತಿಸುತ್ತೇನೆ.