ಮನೆಯ ವಾಷಿಂಗ್ ಮೆಷಿನ್: ದುರಸ್ತಿಗಿಂತ ಮೊದಲು ತಪಾಸಣೆ

ವಿದ್ಯುತ್ ಮಗ್ಗಗಳ ಸದ್ದಿನೊಂದಿಗೇ ಬೆಳಗಾಗುವ ರಬಕವಿ-ಬನಹಟ್ಟಿ ಅವಳಿ ಪಟ್ಟಣಗಳಲ್ಲಿ ಯಂತ್ರಗಳ ನಿರ್ವಹಣೆ ಹೊಸ ವಿಷಯವೇನಲ್ಲ. ಮಗ್ಗಕ್ಕೆ ಹೊತ್ತುಹೊತ್ತಿಗೆ ಎಣ್ಣೆ ಬಿಡಬೇಕು, ಧೂಳು ತೆಗೆಯಬೇಕು, ಸದ್ದು ಬದಲಾದ ಕೂಡಲೇ ನಿಲ್ಲಿಸಿ ನೋಡಬೇಕು ಎಂಬುದನ್ನು ಇಲ್ಲಿನ ಉದ್ದಿಮೆದಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯ ಹಿತ್ತಲಿನಲ್ಲಿರುವ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಕೊಂಡ ದಿನದಿಂದ ಕೆಟ್ಟು ನಿಲ್ಲುವ ದಿನದವರೆಗೆ, ಯಾರ ಗಮನಕ್ಕೂ ಬಾರದೆ ದುಡಿಯುತ್ತಿರುತ್ತದೆ.

ಅದು ನಿಂತಾಗ ಆಗುವ ಹಾನಿ ಕೇವಲ ದುರಸ್ತಿಯ ಬಿಲ್ಲಿನಷ್ಟಲ್ಲ. ನೇಕಾರಿಕೆಯ ಮನೆಗಳಲ್ಲಿ ನೂಲು ಸುತ್ತುವುದೇ ಮೊದಲಾದ ಪೂರ್ವಸಿದ್ಧತೆಯ ಕೆಲಸಗಳಲ್ಲಿ ಹೆಣ್ಣುಮಕ್ಕಳ ದುಡಿಮೆಯೂ ಸೇರಿರುತ್ತದೆ. ಯಂತ್ರ ಒಂದು ವಾರ ನಿಂತರೆ ಅವರ ದಿನದ ಒಂದೆರಡು ತಾಸು ಬಟ್ಟೆ ಒಗೆಯುವ ಕಲ್ಲಿನ ಪಾಲಾಗುತ್ತದೆ. ಈ ನಷ್ಟವು ಯಾವ ಖಾತೆಯಲ್ಲಿಯೂ ನಮೂದಾಗುವುದಿಲ್ಲವಾದರೂ ನಷ್ಟವಂತೂ ಹೌದು. ಮನೆಯವರೇ ಹತ್ತು ನಿಮಿಷದಲ್ಲಿ ಸರಿಪಡಿಸಬಹುದಾದ ಸಣ್ಣ ಕಾರಣಗಳಿಗೂ ಯಂತ್ರ ಹೀಗೆ ನಿಲ್ಲುವುದುಂಟು.

ನಮ್ಮ ಭಾಗದ ಮೂರು ಶತ್ರುಗಳು

ಮೊದಲನೆಯದು ಗಡಸು ನೀರು. ಅನೇಕ ಮನೆಗಳಲ್ಲಿ ಬಟ್ಟೆಗೆ ಕೊಳವೆಬಾವಿಯ ನೀರೇ ಆಧಾರ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 10500 ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು; ಬೇರೆ ಮೂಲವಿಲ್ಲದಾಗ 600 ಮಿಲಿಗ್ರಾಂವರೆಗೆ ಸಹ್ಯ. ಇಂತಹ ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಬೇರ್ಪಟ್ಟು ಹೀಟರಿನ ಮೇಲೆ ಬಿಳಿಯ ಪದರವಾಗಿ ಕೂಡುತ್ತದೆ. ಪದರ ದಪ್ಪವಾದಷ್ಟೂ ಶಾಖವು ನೀರಿಗೆ ತಲುಪದೆ ಹೀಟರಿನಲ್ಲೇ ಉಳಿದು, ಕೊನೆಗೆ ಹೀಟರ್ ಸುಟ್ಟುಹೋಗುತ್ತದೆ. ಗಡಸು ನೀರಿನಲ್ಲಿ ಸಾಬೂನಿನ ಪುಡಿಯೂ ಹೆಚ್ಚು ಖರ್ಚಾಗುತ್ತದೆ.

ಎರಡನೆಯದು ನೂಲಿನ ಧೂಳು. ಮಗ್ಗದ ಮನೆಯಿಂದ ಬಂದ ಅಂಗಿ-ಧೋತರಗಳಲ್ಲಿ ಸಣ್ಣ ಎಳೆಗಳು ಸೇರಿಕೊಂಡಿರುತ್ತವೆ. ಇವು ನೀರಿನೊಡನೆ ಹರಿದು ಪಂಪಿನ ಜಾಳಿಗೆಯಲ್ಲಿ ಮುದ್ದೆಗಟ್ಟುತ್ತವೆ. ಹೊಸ ಸೀರೆಯ ಗಂಜಿಯೂ ಸೇರಿದರೆ ಆ ಮುದ್ದೆ ಅಂಟಿನಂತಾಗುತ್ತದೆ.

ಮೂರನೆಯದು ವಿದ್ಯುತ್ತಿನ ಏರಿಳಿತ. ಈ ಯಂತ್ರಗಳು 230 ವೋಲ್ಟಿಗೆ ರೂಪಿಸಿದವು. ಏರಿಳಿತದ ಪೆಟ್ಟು ಮೊದಲು ಬೀಳುವುದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ. ಅದು ದುಬಾರಿ ಭಾಗಗಳಲ್ಲೊಂದು. ಏರಿಳಿತ ಹೆಚ್ಚಾಗಿರುವ ಬಡಾವಣೆಯಲ್ಲಿ ಯಂತ್ರಕ್ಕೆ ತಕ್ಕ ಸ್ಟೆಬಿಲೈಸರ್ ಇರುವುದು ಲೇಸು. ಹೀಟರ್ ಸುಮಾರು 2 ಕಿಲೋವ್ಯಾಟ್ ಎಳೆಯುವುದರಿಂದ 16 ಆಂಪಿಯರ್ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಇದನ್ನು ನಡೆಸುವುದು ಅಪಾಯಕರ.

ದೋಷ ಯಾವುದು, ಕಾರಣ ಎಲ್ಲಿ?

ಯಾವುದೇ ಪರೀಕ್ಷೆಗೆ ಮೊದಲು ಸ್ವಿಚ್ ಆರಿಸಿ ಪ್ಲಗ್ ಕೀಳಬೇಕು. ನೀರು ಬಿಸಿಯಾಗಿದ್ದರೆ ಆರುವವರೆಗೆ ಕಾಯಬೇಕು.

1. ನೀರು ಹೊರಹೋಗುತ್ತಿಲ್ಲ. ಬಟ್ಟೆ ತೊಯ್ದೇ ಉಳಿಯುತ್ತದೆ, ಬಾಗಿಲು ತೆರೆಯುವುದಿಲ್ಲ. ಇದು ಮೋಟಾರಿನ ದೋಷವೆಂದು ತಿಳಿಯುವವರೇ ಹೆಚ್ಚು. ಆದರೆ ಮೊದಲು ನೋಡಬೇಕಾದದ್ದು ಯಂತ್ರದ ಮುಂಭಾಗದ ಕೆಳಮೂಲೆಯ ಚಿಕ್ಕ ಮುಚ್ಚಳವನ್ನು. ಅದರ ಹಿಂದೆ ಪಂಪಿನ ಜಾಳಿಗೆ ಇರುತ್ತದೆ. ಕೆಳಗೊಂದು ಪರಾತ ಇಟ್ಟು, ಜಾಳಿಗೆಯನ್ನು ನಿಧಾನವಾಗಿ ತಿರುಗಿಸಿ, ನೀರು ಸ್ವಲ್ಪಸ್ವಲ್ಪವೇ ಇಳಿಯಲು ಬಿಟ್ಟು, ನಂತರ ಪೂರ್ತಿ ಹೊರತೆಗೆಯಬೇಕು. ಎಳೆ, ಗುಂಡಿ, ಪಿನ್ನು, ನಾಣ್ಯಗಳನ್ನು ತೆಗೆದು ತೊಳೆದು ಬಿಗಿಯಾಗಿ ಕೂಡಿಸಬೇಕು. ಸಾಮಾನ್ಯ ಮನೆಗಳಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಸಾಕು. ಮಗ್ಗದ ಮನೆಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬೇಕು.

2. ನೀರು ಒಳಬರುತ್ತಿಲ್ಲ, ಇಲ್ಲವೇ ಬಹಳ ನಿಧಾನ. ನಳ ತೆರೆದಿದೆಯೇ, ಪೈಪು ಮಡಚಿದೆಯೇ ನೋಡಬೇಕು. ನಂತರ ಯಂತ್ರದ ಹಿಂಭಾಗದಲ್ಲಿ ಪೈಪು ಸೇರುವ ಕಡೆ ಇರುವ ಸಣ್ಣ ಜಾಲರಿಯನ್ನು ತೆಗೆದು ಬ್ರಷ್‌ನಿಂದ ತೊಳೆಯಬೇಕು. ಇಷ್ಟಾದರೂ ನೀರು ಬಾರದಿದ್ದರೆ ಟಾಕಿಯ ಎತ್ತರ ಲೆಕ್ಕಿಸಬೇಕು. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಒಂದೇ ಅಂತಸ್ತಿನ ಮನೆಯ ಮಾಳಿಗೆಯ ಮೇಲಿನ ಟಾಕಿಯಿಂದ ದೊರೆಯುವುದು ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಯಂತ್ರಕ್ಕೆ ಬೇಕಾದ ಕನಿಷ್ಠ ಒತ್ತಡವನ್ನು ಕೈಪಿಡಿಯಲ್ಲಿ ನೋಡಿ, ಸಾಲದಿದ್ದರೆ ಟಾಕಿಯನ್ನು ಎತ್ತರಿಸಬೇಕು ಅಥವಾ ಸಣ್ಣ ಪ್ರೆಷರ್ ಪಂಪ್ ಕೂಡಿಸಬೇಕು.

3. ನೀರು ತುಂಬುತ್ತಿರುವಂತೆಯೇ ಹರಿದುಹೋಗುತ್ತಿದೆ. ಹೊರಹೋಗುವ ಪೈಪನ್ನು ನೆಲದ ಮೇಲೆ ಚೆಲ್ಲಿದ್ದರೆ ಹೀಗಾಗುತ್ತದೆ. ಅದರ ತುದಿ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು.

4. ಹಿಂಡುವಾಗ ಯಂತ್ರ ಕುಣಿಯುತ್ತದೆ. ಹೊಸ ಯಂತ್ರವಾದರೆ ಸಾಗಾಣಿಕೆಗಾಗಿ ಹಿಂಭಾಗದಲ್ಲಿ ಹಾಕಿದ ಬೋಲ್ಟುಗಳನ್ನು ತೆಗೆಯದೆ ಬಿಟ್ಟಿರಬಹುದು. ಹಳೆಯದಾದರೆ ನಾಲ್ಕು ಕಾಲುಗಳ ಮಟ್ಟ ನೋಡಬೇಕು. ಬಂಡೆ ಹಾಸಿದ ನೆಲದಲ್ಲಿ ಇದು ಮುಖ್ಯ. ಒಂದೇ ಕೌದಿ ಹಾಕಿದರೂ ಹೀಗಾಗುತ್ತದೆ. ನೀರು ಕುಡಿದ ಕೌದಿ ಒಂದೇ ಕಡೆ ಭಾರವಾಗಿ ಕೂತು ತೂಕ ತಪ್ಪಿಸುತ್ತದೆ. ಕೌದಿಯನ್ನು ಕೈಯಿಂದ ಒಗೆಯುವುದೇ ಯಂತ್ರಕ್ಕೆ ಹಿತ.

5. ಬಾಗಿಲಿನಿಂದ ಸೋರಿಕೆ, ದುರ್ವಾಸನೆ. ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಯಲ್ಲಿ ಎಳೆ, ಕೂದಲು, ಸಾಬೂನಿನ ಜಿಡ್ಡು ಸೇರಿರುತ್ತವೆ. ಪ್ರತಿ ಬಾರಿ ಒಗೆದ ಮೇಲೆ ಅದನ್ನು ಒಣ ಬಟ್ಟೆಯಿಂದ ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದಿಡಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವರು ಒಳಗೆ ಇಳಿಯದಂತೆ ಎಚ್ಚರ ಅಗತ್ಯ. ನೊರೆ ಹೆಚ್ಚಾಗುವ ಕೈತೊಳೆತದ ಪುಡಿಯನ್ನು ಬಿಟ್ಟು ಫ್ರಂಟ್ ಲೋಡ್ ಯಂತ್ರಕ್ಕೆಂದೇ ಇರುವ ಪುಡಿ ಬಳಸಬೇಕು.

6. ಮುಟ್ಟಿದರೆ ಜುಮ್ಮೆನ್ನುವುದು, ನೀರು ಕಾಯುವಾಗ ಎಂ.ಸಿ.ಬಿ. ಬೀಳುವುದು, ತಿರುಗುವಾಗ ಗಿರಣಿಯಂತೆ ಗುಡುಗುವುದು. ಈ ಮೂರರಲ್ಲಿ ಯಾವುದು ಕಂಡರೂ ಯಂತ್ರವನ್ನು ನಿಲ್ಲಿಸಿ ತರಬೇತಿ ಪಡೆದ ತಂತ್ರಜ್ಞನನ್ನೇ ಕರೆಯಬೇಕು. ಇವು ಅರ್ಥಿಂಗ್, ಹೀಟರ್ ಅಥವಾ ಬೇರಿಂಗಿನ ದೋಷಗಳು. ಮನೆಯವರು ಕೈ ಹಾಕುವಂತಹವಲ್ಲ.

ಸುಣ್ಣ ತೆಗೆಯುವ ಕ್ರಮ

ಗಡಸು ನೀರಿನ ಮನೆಗಳಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರದಲ್ಲಿ ಸುಣ್ಣ ನಿವಾರಕ ಪುಡಿ ಹಾಕಿ ಬಿಸಿನೀರಿನಲ್ಲಿ ಓಡಿಸಬೇಕು. ಪ್ರಮಾಣ ಮತ್ತು ಉಷ್ಣತೆ ಪೊಟ್ಟಣದ ಮೇಲಿನ ಸೂಚನೆಯಂತಿರಲಿ. ಇಂತಹ ಪುಡಿಗಳಲ್ಲಿ ಹಲವು ನಿಂಬೆ ಹುಳಿಯ ಅಂಶದಿಂದಾದವು. ಇವುಗಳೊಡನೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು. ಆಮ್ಲದೊಡನೆ ಬೆರೆತ ಬ್ಲೀಚ್ ವಿಷಕಾರಿ ಕ್ಲೋರಿನ್ ಅನಿಲವನ್ನು ಹೊರಬಿಡುತ್ತದೆ.

ದುರಸ್ತಿಯೋ, ಹೊಸತೋ?

ಇಲ್ಲಿ ವರ್ತಕರಿಗೆ ಪರಿಚಿತವಾದ ಸವಕಳಿಯ ಲೆಕ್ಕವೇ ದಾರಿ ತೋರಿಸುತ್ತದೆ. ಯಂತ್ರದ ಬೆಲೆ ರೂ. 30,000, ಬಾಳಿಕೆ 10 ವರ್ಷ ಎಂದು ಇಟ್ಟುಕೊಂಡರೆ ವರ್ಷಕ್ಕೆ ರೂ. 3,000 ತಗಲುತ್ತದೆ. ಏಳನೆಯ ವರ್ಷದಲ್ಲಿ ರೂ. 6,000ದ ದುರಸ್ತಿ ಬಂದು, ಅದರಿಂದ ಮೂರು ವರ್ಷ ಯಂತ್ರ ನಡೆಯುವಂತಿದ್ದರೆ ವಾರ್ಷಿಕ ವೆಚ್ಚ ರೂ. 2,000 ಮಾತ್ರ, ದುರಸ್ತಿಯೇ ಲಾಭ. ಅದೇ ದುರಸ್ತಿಗೆ ರೂ. 12,000 ಕೇಳಿದರೆ ವರ್ಷಕ್ಕೆ ರೂ. 4,000 ಬೀಳುತ್ತದೆ, ಆಗ ಹೊಸದೇ ಲೇಸು. ದುರಸ್ತಿಗೆ ಒಪ್ಪುವ ಮುನ್ನ ಬಿಡಿಭಾಗ ಮತ್ತು ಕೂಲಿಯನ್ನು ಬೇರೆಬೇರೆ ತೋರಿಸಿದ ಲಿಖಿತ ಅಂದಾಜು ಕೇಳಬೇಕು. ಬದಲಿಸಿದ ಹಳೆಯ ಭಾಗವನ್ನು ಮರಳಿ ಪಡೆಯಬೇಕು.

ಬಿಲ್ಲು ಯಾರ ಹೆಸರಿನಲ್ಲಿ?

ವಾಷಿಂಗ್ ಮೆಷಿನ್ ಮೇಲಿನ ಜಿಎಸ್‌ಟಿ ದರವು 2018ರ ಜುಲೈ 27ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಈ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯುವ ಆಸೆಯಿಂದ ಕೆಲವರು ಮನೆಯ ಯಂತ್ರವನ್ನೂ ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವುದುಂಟು. ಸ್ವಂತ ಬಳಕೆಯ ಸರಕಿಗೆ ಈ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ಸ್ಪಷ್ಟವಾಗಿ ತಡೆಯುತ್ತದೆ. ಸಂಸ್ಥೆಯ ಹಣದಿಂದ ಕೊಂಡಿದ್ದರೆ ಆ ಮೊತ್ತವನ್ನು ಮಾಲೀಕರ ಸ್ವಂತ ಖರ್ಚಿನ ಖಾತೆಗೆ ಬರೆಯಬೇಕು, ಸವಕಳಿಯನ್ನೂ ಕೇಳುವಂತಿಲ್ಲ.

ಇದರಲ್ಲಿ ಇನ್ನೊಂದು ತೊಡಕೂ ಇದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು, ಸ್ವಯಂ ಉದ್ಯೋಗದ ಜೀವನೋಪಾಯವೊಂದನ್ನು ಬಿಟ್ಟು, ‘ಗ್ರಾಹಕ’ರೆನಿಸುವುದಿಲ್ಲ. ಯಂತ್ರದಲ್ಲಿ ತಯಾರಿಕೆಯ ದೋಷ ಕಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾದಾಗ, ಸಂಸ್ಥೆಯ ಹೆಸರಿನ ಬಿಲ್ಲು ಎದುರಾಳಿಗೆ ಅಸ್ತ್ರವಾದೀತು. ಮನೆಯ ಯಂತ್ರದ ಬಿಲ್ಲು ಮನೆಯವರ ಹೆಸರಿನಲ್ಲಿರುವುದೇ ಕ್ಷೇಮ. ಬಿಲ್ಲು ಮತ್ತು ಖಾತರಿ ಪತ್ರಗಳನ್ನು ಒಂದೇ ಕಡೆ ಕಾಪಾಡಬೇಕು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕೆಂಬುದನ್ನೂ ನೆನಪಿಡಬೇಕು.

ಅಂಗಡಿಯ ಖಾತೆ ಕೀರ್ದಿಯಂತೆ ಯಂತ್ರಕ್ಕೂ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಜಾಳಿಗೆ ತೊಳೆದ ದಿನ, ಸುಣ್ಣ ತೆಗೆದ ದಿನ, ದುರಸ್ತಿಯ ವೆಚ್ಚಗಳನ್ನು ಬರೆದಿಟ್ಟರೆ ಸಾಕು. ಮಗ್ಗಕ್ಕೆ ಎಣ್ಣೆ ಬಿಡುವ ಕೈಗಳೇ ಹದಿನೈದು ದಿನಕ್ಕೊಮ್ಮೆ ಈ ಜಾಳಿಗೆಯನ್ನೂ ತೊಳೆದರೆ, ಮನೆಯ ಹೆಣ್ಣುಮಕ್ಕಳ ಎಷ್ಟೋ ತಾಸುಗಳು ಉಳಿಯುತ್ತವೆ.