ಬಂಧನಕ್ಕೆ ಕಾರಣ ಕೇಳುವವರು ಯಾರು?

1975ರ ಜೂನ್ 26ರ ಬೆಳಿಗ್ಗೆ. ಪಕ್ಷಾಂತರ ತಡೆ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಜಂಟಿ ಸಮಿತಿಯ ಸದಸ್ಯರು ಬೆಂಗಳೂರಿಗೆ ಬಂದು ಶಾಸಕರ ಭವನದಲ್ಲಿ ತಂಗಿದ್ದರು. ಹಿಂದಿನ ರಾತ್ರಿ ದೆಹಲಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದರು. ಬೆಳಕು ಹರಿದ ಸ್ವಲ್ಪ ಹೊತ್ತಿನಲ್ಲೇ ಪೊಲೀಸರು ಭವನಕ್ಕೆ ಬಂದರು. ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಶ್ಯಾಮನಂದನ ಮಿಶ್ರ ಮತ್ತು ಮಧು ದಂಡವತೆ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹ ಸೇರಿದರು. ಅದೇ ಕಾರಾಗೃಹದ ಆವರಣ ಇಂದು ಸ್ವಾತಂತ್ರ್ಯ ಉದ್ಯಾನವಾಗಿದೆ.

ಅವರು ಮಾಡಿದ ಅಪರಾಧವೇನು? ಕೆಲವೇ ದಿನಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯಿಂದಲೇ ಸರ್ಕಾರ ಪಾರಾಯಿತು. ಆಂತರಿಕ ಭದ್ರತಾ ಪಾಲನೆ ಕಾಯ್ದೆಗೆ, ಅಂದರೆ ಜನರ ಬಾಯಲ್ಲಿದ್ದ ‘ಮೀಸಾ’ಕ್ಕೆ, ಸುಗ್ರೀವಾಜ್ಞೆಯ ಮೂಲಕ ಹೊಸ ಕಲಮೊಂದನ್ನು ಸೇರಿಸಲಾಯಿತು. ಬಂಧನದ ಕಾರಣವನ್ನು ಬಂಧಿತನಿಗೆ ಹೇಳಬೇಕಿಲ್ಲ, ಅದು ಸರ್ಕಾರದ ಗೋಪ್ಯ ಸಂಗತಿ ಎಂಬ ನಿಲುವು ಕಾನೂನಾಯಿತು. ಮುಂದೆ ಅದನ್ನು ನ್ಯಾಯಾಲಯಕ್ಕೂ ತೋರಿಸಬೇಕಿಲ್ಲ ಎಂಬವರೆಗೆ ತಿದ್ದುಪಡಿಗಳು ಬೆಳೆದವು.

ದೇಶದ ಭದ್ರತೆ ಮತ್ತು ವ್ಯಕ್ತಿಯ ಸ್ವಾತಂತ್ರ್ಯವನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಕಾಣುವುದು ವಾಡಿಕೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಇಂಥ ಕಾಯ್ದೆಗಳ ಇತಿಹಾಸವನ್ನು ನೋಡಿದರೆ, ಮತ್ತೆ ಮತ್ತೆ ಏಳುವ ಪ್ರಶ್ನೆ ಬೇರೆಯೇ ಇದೆ. ಸರ್ಕಾರ ಒಬ್ಬನನ್ನು ಸೆರೆಯಲ್ಲಿಟ್ಟಾಗ ‘ಏಕೆ?’ ಎಂದು ಕೇಳುವ ಅಧಿಕಾರ ಯಾರಿಗಿದೆ, ಮತ್ತು ಆ ಪ್ರಶ್ನೆಗೆ ಎಷ್ಟು ದಿನದೊಳಗೆ ಉತ್ತರ ಸಿಗಬೇಕು?

ನಡೆಯದ ಅಪರಾಧಕ್ಕೆ ಸೆರೆ

ಕಳ್ಳತನ ಮಾಡಿದವನನ್ನು ಹಿಡಿಯುವುದು ಒಂದು. ಮುಂದೆ ಮಾಡಬಹುದು ಎಂದು ಹಿಡಿಯುವುದು ಇನ್ನೊಂದು. ಮೊದಲನೆಯದರಲ್ಲಿ ಆರೋಪ, ಸಾಕ್ಷಿ, ವಿಚಾರಣೆ, ತೀರ್ಪು ಎಂಬ ಮೆಟ್ಟಿಲುಗಳಿವೆ. ಎರಡನೆಯದನ್ನು ಮುನ್ನೆಚ್ಚರಿಕೆಯ ಬಂಧನ ಎನ್ನುತ್ತಾರೆ. ಅಲ್ಲಿ ಅಪರಾಧ ಇನ್ನೂ ನಡೆದಿಲ್ಲವಾದ್ದರಿಂದ ಸಾಕ್ಷಿಯ ಮಾತೇ ಬರುವುದಿಲ್ಲ. ಅಧಿಕಾರಿಗೆ ಮನವರಿಕೆಯಾದರೆ ಸಾಕು.

ಇದು ಬ್ರಿಟಿಷರು ಬಿಟ್ಟುಹೋದ ಆಸ್ತಿ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶ ಕೊಟ್ಟ ಬಂಗಾಳದ 1818ರ ಮೂರನೇ ರೆಗ್ಯುಲೇಷನ್ ಅಡಿಯಲ್ಲೇ 1907ರಲ್ಲಿ ಲಾಲಾ ಲಜಪತರಾಯ್ ಅವರನ್ನು ಬರ್ಮಾದ ಮಾಂಡಲೆಗೆ ಗಡೀಪಾರು ಮಾಡಲಾಯಿತು. 1919ರ ರೌಲತ್ ಕಾಯ್ದೆ ಬಂದಾಗ ‘ವಾದವಿಲ್ಲ, ವಕೀಲನಿಲ್ಲ, ಅಪೀಲೂ ಇಲ್ಲ’ ಎಂದು ಜನ ಅದನ್ನು ಹಳಿದರು. ಆ ಕಾಯ್ದೆಯ ವಿರುದ್ಧ ಎದ್ದ ಚಳವಳಿಯ ನಡುವೆಯೇ ಜಲಿಯನ್‌ವಾಲಾಬಾಗ್ ಹತ್ಯಾಕಾಂಡ ನಡೆಯಿತು.

ಇಂಥ ಕಾಯ್ದೆಗಳಡಿ ಸೆರೆವಾಸ ಕಂಡವರೇ ಸ್ವತಂತ್ರ ಭಾರತದ ಸಂವಿಧಾನ ರಚಿಸಲು ಕುಳಿತರು. ಆದರೂ ಮುನ್ನೆಚ್ಚರಿಕೆಯ ಬಂಧನ ಸಂವಿಧಾನದೊಳಗೆ ಜಾಗ ಪಡೆಯಿತು. ದೇಶ ವಿಭಜನೆಯ ಹಿಂಸೆ, ಕಾಶ್ಮೀರದ ಯುದ್ಧ, ತೆಲಂಗಾಣದ ಸಶಸ್ತ್ರ ಹೋರಾಟಗಳು ಕಣ್ಣೆದುರಿಗಿದ್ದ ಕಾಲವದು.

ಈ ಕಥೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ ಅವರಿಗೂ ಒಂದು ಪಾತ್ರವಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಕಾನೂನು ನ್ಯಾಯಸಮ್ಮತವೇ ಎಂದು ಅಳೆಯುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುವುದು ಅಪಾಯ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯವಾಗಿತ್ತು. ಕೊನೆಗೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಹೇಳುವ 21ನೇ ವಿಧಿಯಲ್ಲಿ ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬ ಸೀಮಿತ ಮಾತು ಉಳಿಯಿತು. ಇದರಿಂದಾದ ಕೊರತೆಯನ್ನು ತುಂಬಲೆಂದು ಡಾ. ಬಿ.ಆರ್. ಅಂಬೇಡ್ಕರ್ 1949ರ ಸೆಪ್ಟೆಂಬರ್‌ನಲ್ಲಿ ಮಂಡಿಸಿದ್ದೇ ಇಂದಿನ 22ನೇ ವಿಧಿ. ಬಂಧಿತನಿಗೆ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು. ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇಡಬಾರದು ಎಂದು ಅದು ಹೇಳುತ್ತದೆ. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವ ಸಂಗತಿಗಳನ್ನು ಸರ್ಕಾರ ತಿಳಿಸಬೇಕಿಲ್ಲ ಎಂದೂ ಅದೇ ವಿಧಿ ಹೇಳುತ್ತದೆ.

ಒಂದು ವರ್ಷದ ಕಾಯ್ದೆ

ಸಂವಿಧಾನ ಜಾರಿಗೆ ಬಂದು ಒಂದು ತಿಂಗಳಾಗುವಷ್ಟರಲ್ಲಿ, 1950ರ ಫೆಬ್ರುವರಿಯಲ್ಲಿ, ಗೃಹ ಸಚಿವ ಸರ್ದಾರ್ ಪಟೇಲರು ಮುನ್ನೆಚ್ಚರಿಕೆಯ ಬಂಧನ ಕಾಯ್ದೆಯನ್ನು ತಂದರು. ಇದಕ್ಕಾಗಿ ನಿದ್ದೆಗೆಟ್ಟುದಾಗಿ ಅವರೇ ಸದನದಲ್ಲಿ ಹೇಳಿಕೊಂಡಿದ್ದರು. ಕಾಯ್ದೆಯ ಆಯುಷ್ಯ ಒಂದೇ ವರ್ಷ ಎಂದು ಗೊತ್ತುಮಾಡಲಾಗಿತ್ತು. ಆದರೆ ಮತ್ತೆ ಮತ್ತೆ ವಿಸ್ತರಣೆಗೊಂಡು ಅದು 1969ರ ಕೊನೆಯವರೆಗೂ ಬದುಕಿತು. 1971ರಲ್ಲಿ ಮೀಸಾ ಬಂತು. ಅದು ಹೋದ ಮೇಲೆ 1980ರಲ್ಲಿ ಬಂದ ರಾಷ್ಟ್ರೀಯ ಭದ್ರತಾ ಕಾಯ್ದೆ ಇಂದಿಗೂ ಇದೆ. ಒಬ್ಬನನ್ನು 12 ತಿಂಗಳವರೆಗೆ ಹಿಡಿದಿಡಲು ಅದು ಅವಕಾಶ ಕೊಡುತ್ತದೆ. ಜನ ‘ಗೂಂಡಾ ಕಾಯ್ದೆ’ ಎಂದು ಕರೆಯುವ ಕರ್ನಾಟಕದ 1985ರ ಕಾಯ್ದೆಯೂ ಇದೇ ಸಂತತಿಗೆ ಸೇರಿದ್ದು.

1950ರ ಕಾಯ್ದೆಯನ್ನು ಮೊದಲು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಮದ್ರಾಸ್ ಪ್ರಾಂತ್ಯದ ಸೆರೆಯಲ್ಲಿದ್ದ ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಅದರ 14ನೇ ಕಲಮನ್ನು ಮಾತ್ರ ಹೊಡೆದುಹಾಕಿತು. ಸರ್ಕಾರ ಕೊಟ್ಟ ಬಂಧನದ ಕಾರಣಗಳನ್ನು ನ್ಯಾಯಾಲಯದ ಮುಂದೆ ಬಹಿರಂಗಪಡಿಸುವುದನ್ನು ಆ ಕಲಮು ನಿಷೇಧಿಸಿತ್ತು. ಸರ್ಕಾರದ ಪರ ನಿಂತ ತೀರ್ಪು ಕೂಡ ಒಪ್ಪದೇ ಹೋದ ಸಂಗತಿ ಅದೊಂದೇ. ಕಾರಣವನ್ನು ನೋಡಲು ಬಿಡದಿದ್ದರೆ ನ್ಯಾಯಾಲಯ ಪರಿಶೀಲಿಸುವುದಾದರೂ ಏನನ್ನು?

ನಾಲ್ವರು ಮತ್ತು ಒಬ್ಬರು

1950ರಲ್ಲಿ ಮುಚ್ಚಿದ ಆ ಬಾಗಿಲನ್ನೇ 1975ರಲ್ಲಿ ಮತ್ತೆ ತೆರೆಯಲಾಯಿತು. 14, 21 ಮತ್ತು 22ನೇ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ಜೂನ್ 27ರ ರಾಷ್ಟ್ರಪತಿ ಆದೇಶ ತಡೆಹಿಡಿಯಿತು. ಆದರೂ ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ಬಂಧಿತನನ್ನು ಹಾಜರುಪಡಿಸಿ, ಯಾವ ಅಧಿಕಾರದಿಂದ ಹಿಡಿದಿದ್ದೀರಿ ಹೇಳಿ ಎಂದು ಕೇಳುವುದೇ ಈ ಅರ್ಜಿಯ ತಿರುಳು. ಬೆಂಗಳೂರಿನಲ್ಲಿ ಸೆರೆಯಲ್ಲಿದ್ದ ನಾಯಕರು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದರು. ಇಂಥ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು ಎಂದು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಹೇಳಿದವು. 1976ರಲ್ಲಿ ಹೈಕೋರ್ಟುಗಳ 16 ನ್ಯಾಯಮೂರ್ತಿಗಳ ವರ್ಗಾವಣೆಯಾಯಿತು, ಕರ್ನಾಟಕದವರೂ ಅವರಲ್ಲಿದ್ದರು.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಕೇಳಿದರು. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಪರಿಹಾರವಿದೆಯೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಅರ್ಥದ ಉತ್ತರ ಬಂತು.

1976ರ ಏಪ್ರಿಲ್ 28ರಂದು ತೀರ್ಪು ಹೊರಬಿತ್ತು. ಐವರಲ್ಲಿ ನಾಲ್ವರು ಸರ್ಕಾರದ ವಾದವನ್ನು ಒಪ್ಪಿದರು. ಎರಡನೇ ಮಹಾಯುದ್ಧದ ವೇಳೆ, 1941ರಲ್ಲಿ, ಬ್ರಿಟನ್ನಿನಲ್ಲಿ ಬಂದಿದ್ದ ಲಿವರ್‌ಸಿಜ್ ಪ್ರಕರಣದ ತೀರ್ಪು ಅವರ ಆಸರೆಗಳಲ್ಲೊಂದು. ಗೃಹ ಸಚಿವರಿಗೆ ಸಂಶಯ ಬಂದಿದ್ದರೆ ಅದರ ಆಧಾರವನ್ನು ನ್ಯಾಯಾಲಯ ಕೆದಕಬಾರದು ಎಂದು ಹೇಳಿದ್ದ ಆ ತೀರ್ಪನ್ನು ಅಲ್ಲಿನ ಲಾರ್ಡ್ ಆಟ್ಕಿನ್ ಒಬ್ಬರೇ ವಿರೋಧಿಸಿದ್ದರು. ಇಲ್ಲಿ ಒಬ್ಬರೇ ನಿಂತವರು ಖನ್ನಾ. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದಾಗ ಖನ್ನಾ ರಾಜೀನಾಮೆ ಕೊಟ್ಟರು.

ಪ್ರಶ್ನೆ ಕೇಳುವವರೇ ಇಲ್ಲವಾದಾಗ ಏನಾಗುತ್ತದೆ ಎಂಬುದಕ್ಕೆ ಅಂಕಿಅಂಶಗಳಿವೆ. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಅಡಿ 34,988 ಮಂದಿಯನ್ನೂ ಭಾರತ ರಕ್ಷಣಾ ನಿಯಮಗಳ ಅಡಿ 75,818 ಮಂದಿಯನ್ನೂ ಹಿಡಿದಿಡಲಾಗಿತ್ತು ಎಂದು ಷಾ ಆಯೋಗ ದಾಖಲಿಸಿತು. ಅಂಕಿಗಳು ಹೇಳದಿದ್ದುದನ್ನು ಬೆಂಗಳೂರಿನ ಒಂದು ಸಾವು ಹೇಳಿತು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಕನ್ನಡಿಗರ ನೆನಪಿನಲ್ಲಿ ಉಳಿದ ಸ್ನೇಹಲತಾ ರೆಡ್ಡಿ ಅವರನ್ನು ಬರೋಡಾ ಡೈನಮೈಟ್ ಪ್ರಕರಣದ ಸಂಬಂಧ 1976ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮೀಸಾ ಇದ್ದುದರಿಂದ ಬಿಡುಗಡೆಯೂ ಇರಲಿಲ್ಲ. ಆಸ್ತಮಾದಿಂದ ನರಳುತ್ತ ಎಂಟು ತಿಂಗಳು ಕೇಂದ್ರ ಕಾರಾಗೃಹದಲ್ಲಿದ್ದ ಅವರನ್ನು 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಡಲಾಯಿತು. ಐದೇ ದಿನಗಳಲ್ಲಿ ಅವರು ತೀರಿಕೊಂಡರು.

ಮೈಸೂರಿನ ಸೆರೆಮನೆ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಕಥೆಯಾದೀತು. 1975ರಲ್ಲಿ ಭದ್ರತೆಯ ಹೆಸರಿನಲ್ಲಿ ವಿರೋಧಿಗಳನ್ನು ಸೆರೆಗೆ ತಳ್ಳಲಾಗಿತ್ತು. ಆದರೆ ಅಪಾಯ ನಿಜವಾಗಿಯೂ ಇದ್ದಾಗ? ಪಂಜಾಬಿನ ಭಯೋತ್ಪಾದನೆಯ ಹಿನ್ನೆಲೆಯಲ್ಲಿ 1985ರಲ್ಲಿ ಬಂದ ‘ಟಾಡಾ’ ಕಾಯ್ದೆ ಮುಂದೆ ಕರ್ನಾಟಕದ ಕಾಡಿಗೂ ಬಂತು.

ದಂತಚೋರ ವೀರಪ್ಪನ್‌ನಿಂದ ಮಲೆ ಮಹದೇಶ್ವರ ಬೆಟ್ಟದ ಸುತ್ತ ನಡೆದ ಹತ್ಯೆಗಳು ಕಲ್ಪನೆಯಲ್ಲ. 1992ರ ಆಗಸ್ಟ್‌ನಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವನ ಹೊಂಚಿಗೆ ಬಲಿಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿದು ಪೊಲೀಸರು, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಮಾಹಿತಿ ಕೊಟ್ಟವನ ಹೆಸರು ಹೊರಬಿದ್ದರೆ ಅವನ ತಲೆ ಉಳಿಯುವುದಿಲ್ಲ ಎಂಬ ಸ್ಥಿತಿಯಲ್ಲಿ, ಎಲ್ಲವನ್ನೂ ತೆರೆದಿಡಲಾಗದು ಎಂಬ ಪೊಲೀಸರ ಮಾತಿಗೆ ತೂಕವಿತ್ತು.

ವೀರಪ್ಪನ್‌ಗೆ ನೆರವಾದ ಆರೋಪದ ಮೇಲೆ ಕಾಡಂಚಿನ ಹಳ್ಳಿಗಳ ಅನೇಕರು ಟಾಡಾ ಅಡಿ ಮೈಸೂರಿನ ಸೆರೆ ಸೇರಿದರು. ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿದ್ದ, ಜಾಮೀನು ದುರ್ಲಭವಾಗಿದ್ದ ಕಾಯ್ದೆ ಅದು. 1995ರ ಮೇ ತಿಂಗಳಲ್ಲಿ ಟಾಡಾ ಕೊನೆಗೊಂಡಿತು. ಆದರೆ ಹಳೆಯ ಪ್ರಕರಣಗಳು ಮುಂದುವರಿದವು. ಕಾಯ್ದೆ ಸತ್ತರೂ ಅದರ ಕೈದಿಗಳು ಒಳಗೇ ಉಳಿದರು.

2000ದ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಅಪಹರಿಸಿದಾಗ ಈ ಕೈದಿಗಳ ಬಿಡುಗಡೆ ಅವನ ಬೇಡಿಕೆಗಳಲ್ಲೊಂದಾಯಿತು. ಸುಮಾರು ಐವತ್ತು ಕೈದಿಗಳ ಮೇಲಿನ ಟಾಡಾ ಆರೋಪಗಳನ್ನು ಕೈಬಿಡಲು ರಾಜ್ಯ ಸರ್ಕಾರ ಮುಂದಾಯಿತು. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಶಕೀಲ್ ಅಹಮದ್ ಅವರ ತಂದೆ. ಮಗನನ್ನು ಕೊಂದವನ ಒತ್ತಡಕ್ಕೆ ಸರ್ಕಾರ ಮಣಿಯಬಾರದು ಎಂಬುದು ಅವರ ಮೊರೆ. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟು ಬಿಡುಗಡೆಯನ್ನು ತಡೆಯಿತು. ಅದಾದ ಎಂಟು ದಿನಕ್ಕೆ, ಒಟ್ಟು 108 ದಿನಗಳ ಸೆರೆಯ ನಂತರ, ರಾಜಕುಮಾರ್ ಹೊರಬಂದರು.

ಆ ತಂದೆಯ ನೋವೂ ನಿಜ, ಕೋರ್ಟಿನ ಮಾತೂ ಸರಿ. ಆದರೆ ಮೈಸೂರಿನ ಕೈದಿಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ನೀಡಿದಾಗ ನೂರಕ್ಕೂ ಹೆಚ್ಚು ಆರೋಪಿಗಳು ಖುಲಾಸೆಯಾದರು, ಶಿಕ್ಷೆಯಾದವರು ಕೆಲವರಷ್ಟೇ. ಖುಲಾಸೆಯಾದವರಲ್ಲಿ ಹಲವರು ವರ್ಷಗಟ್ಟಲೆ ಸೆರೆಯಲ್ಲಿದ್ದವರು. ‘ಏಕೆ?’ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ನಿಷೇಧಿಸಿರಲಿಲ್ಲ. ಅದಕ್ಕೆ ಉತ್ತರ ಸಿಗುವಷ್ಟರಲ್ಲಿ ಅವರ ಪ್ರಾಯ ಕಳೆದಿತ್ತು.

ಬರೆದು ಕೊಡಿ ಎಂದ ಕೋರ್ಟು

ತುರ್ತು ಪರಿಸ್ಥಿತಿಯ ಪಾಠ ವ್ಯರ್ಥವಾಗಲಿಲ್ಲ. 1978ರ 44ನೇ ತಿದ್ದುಪಡಿಯ ಫಲವಾಗಿ ಈಗ ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. ಆದರೆ ಅದೇ ತಿದ್ದುಪಡಿಯ ಇನ್ನೊಂದು ಭಾಗ, ಅಂದರೆ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದ ಬಂಧನವನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಅಂಶ, ಸಂಸತ್ತು ಅಂಗೀಕರಿಸಿದರೂ ಇಂದಿಗೂ ಜಾರಿಗೆ ಬಂದಿಲ್ಲ.

1976ರ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಲು 41 ವರ್ಷ ಬೇಕಾಯಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿದರು. 1976ರ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ ಅವರ ತೀರ್ಪು ತಪ್ಪು ಎಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಈ ಹಕ್ಕಿಗೆ ಮಿತಿ ಹಾಕಬೇಕಾದರೆ ಸರ್ಕಾರ ಮೂರು ಸಂಗತಿಗಳನ್ನು ತೋರಿಸಬೇಕು: ಅದಕ್ಕೆ ಕಾನೂನಿನ ಬಲವಿರಬೇಕು, ಉದ್ದೇಶ ನ್ಯಾಯಯುತವಾಗಿರಬೇಕು, ಕ್ರಮ ಅಗತ್ಯವನ್ನು ಮೀರಬಾರದು.

ಇಂದಿನ ಜಗಳ ಹೆಚ್ಚಾಗಿ ನಡೆಯುವುದು 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ ಸುತ್ತ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ನಡೆದ ಮೇಲೆ ಅದನ್ನು ಬಿಗಿಗೊಳಿಸಲಾಯಿತು. ಆರೋಪಪಟ್ಟಿ ಸಲ್ಲಿಸದೆ 180 ದಿನಗಳವರೆಗೆ ಆರೋಪಿಯನ್ನು ಒಳಗಿಡಬಹುದು. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನು ಇಲ್ಲ. ವಿಚಾರಣೆ ಸದ್ಯಕ್ಕೆ ಮುಗಿಯುವಂತಿಲ್ಲದಿದ್ದರೆ ಇಂಥ ಪ್ರಕರಣದಲ್ಲೂ ಜಾಮೀನು ಕೊಡಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಆರೋಪಿ ಆಗಲೇ ಐದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ. 2024ರ ಮೇ 15ರಂದು ಪತ್ರಕರ್ತ ಪ್ರಬೀರ್ ಪುರಕಾಯಸ್ಥ ಅವರ ಪ್ರಕರಣದಲ್ಲಿ, ಬಂಧನದ ಕಾರಣವನ್ನು ಲಿಖಿತವಾಗಿ ಕೊಡದ ಬಂಧನ ಅಸಿಂಧು ಎಂದಿತು. ಕಾರಣ ಸರಿಯೋ ತಪ್ಪೋ ಎಂಬ ಮಾತು ಆಮೇಲಿನದು. ಮೊದಲು ಅದನ್ನು ಬರೆದು ಕೊಡಿ ಎಂಬುದೇ ಆ ತೀರ್ಪಿನ ಸಾರ.

ಹೊಲಕ್ಕೆ ಬೇಲಿ ಬೇಕು. ಬೇಲಿಯಿಲ್ಲದ ಹೊಲದಲ್ಲಿ ಬೆಳೆ ಉಳಿಯದು. ಪಾಲಾರ್ ಮತ್ತು ಮುಂಬೈ ಈ ದೇಶಕ್ಕೆ ಕಲಿಸಿದ್ದು ಅದನ್ನೇ. ಬೇಲಿಯೇ ಎದ್ದು ಹೊಲ ಮೇಯದಂತೆ ಕಾಯುವವರೂ ಬೇಕು ಎಂಬುದನ್ನು ಬೆಂಗಳೂರಿನ ಹಳೆಯ ಕಾರಾಗೃಹ ಕಲಿಸಿದೆ. ಕಾರಣ ಕೇಳಿದ ಮಾತ್ರಕ್ಕೆ ಯಾವ ಅಪರಾಧಿಯೂ ತಪ್ಪಿಸಿಕೊಂಡು ಹೋಗುವುದಿಲ್ಲ. ಕೇಳದೇ ಹೋದರೆ, ಅಥವಾ ಹತ್ತು ವರ್ಷ ತಡವಾಗಿ ಕೇಳಿದರೆ, ನಿರಪರಾಧಿ ಒಳಗೇ ಉಳಿಯುತ್ತಾನೆ.